ಖಾದಿ ತೊಟ್ಟ ಸುಬ್ಬರಾವ್ ಮತ್ತು ನನ್ನ ತಂಗಿಯ ಬ್ಲಡ್ ರಿಪೋರ್ಟ್

ಬಯೋಕೆಮಿಸ್ಟ್ರಿ ಎಂಎಸ್ಸಿಯ ಮೊದಲ ಸೆಮಿಸ್ಟರಿನ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ನಾನೊಂದು ಶೀರ್ಷಿಕೆ ಬರೆದಿದ್ದೆ: ಫಿಸ್ಕ್-ಸುಬ್ಬರಾವ್ ವಿಧಾನದಲ್ಲಿ ರಂಜಕದ ಅಳತೆ. ಟೆಸ್ಟ್ ಟ್ಯೂಬಿಗೆ ಮಾಲಿಬ್ಡೇಟ್ ಹಾಕಬೇಕು, ಆಮೇಲೆ ಆನ್ಸಾ ಅನ್ನೋ ರಾಸಾಯನಿಕ ಹಾಕಬೇಕು, ಸ್ವಲ್ಪ ಹೊತ್ತು ಕಾಯಬೇಕು. ನೀಲಿ ಬಣ್ಣ ಏಳುತ್ತೆ. ಬಣ್ಣ ಎಷ್ಟು ಗಾಢವೋ ರಂಜಕ ಅಷ್ಟು ಜಾಸ್ತಿ. ಕಲರಿಮೀಟರಿನಲ್ಲಿ ಅಂಕಿ ಓದಿ, ಗ್ರಾಫ್ ಎಳೆದು, ಮೇಷ್ಟ್ರ ಸಹಿ ಹಾಕಿಸಿಕೊಂಡರೆ ಕೆಲಸ ಮುಗೀತು. ಈ ಸುಬ್ಬರಾವ್ ಯಾರು ಅಂತ ನಾನು ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಕೆಲವು ವರ್ಷಗಳ ನಂತರ ಆ ಹೆಸರು ಬೇರೆ ದಾರಿಯಿಂದ ನಮ್ಮ ಮನೆಗೇ ಬಂತು. ಅರಸೀಕೆರೆ ಕಡೆಯ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗಳಿಗೆ ಆಗ ಏಳು ವರ್ಷ. ಜ್ವರ ಬರೋದು, ಬಿಡೋದು, ಮತ್ತೆ ಬರೋದು. ಮೈಮೇಲೆ ಅಲ್ಲಲ್ಲಿ ಕಂದುಗಟ್ಟಿದ ಕಲೆ. ಮೂರು ವಾರ ಜ್ವರದ ಮಾತ್ರೆ, ಟಾನಿಕ್‌ನಲ್ಲೇ ಕಳೆದುಹೋಯಿತು. ಕೊನೆಗೆ ಬೆಂಗಳೂರಿಗೆ ಕರೆತಂದು ಮೂಳೆಮಜ್ಜೆ ಪರೀಕ್ಷೆ ಮಾಡಿಸಿದಾಗ ಕೈಗೆ ಬಂದ ಕಾಗದದಲ್ಲಿ ಹೀಗಿತ್ತು: ಎಂಪಿಓ ನೆಗೆಟಿವ್, ಟಿಡಿಟಿ ಪಾಸಿಟಿವ್, ಸಿಡಿ10 ಪಾಸಿಟಿವ್, ಸಿಡಿ19 ಪಾಸಿಟಿವ್. ಓದಿದವನು ಅಂತ ಚಿಕ್ಕಪ್ಪ ಆ ಕಾಗದವನ್ನು ನನ್ನ ಕೈಗೆ ಕೊಟ್ಟರು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದ್ರೆ ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಬ್ಲಡ್ ಕ್ಯಾನ್ಸರ್. ಮುಂದಿನ ವರ್ಷಗಳಲ್ಲಿ ಅವಳ ದೇಹಕ್ಕೆ ಹೋದ ಔಷಧಿಗಳಲ್ಲಿ ಹಳದಿ ಬಣ್ಣದ್ದು ಒಂದಿತ್ತು, ಮೆಥೊಟ್ರೆಕ್ಸೇಟ್. ಅದರ ಹುಟ್ಟನ್ನು ಹುಡುಕುತ್ತಾ ಹೋದ ನಾನು ನಿಂತದ್ದು ನನ್ನ ಹಳೆಯ ರೆಕಾರ್ಡ್ ಬುಕ್ಕಿನ ಅದೇ ಹೆಸರಿನ ಮುಂದೆ.

ಯೆಲ್ಲಾಪ್ರಗಡ ಸುಬ್ಬರಾವ್. ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರೆಸಿಡೆನ್ಸಿಯ ಭೀಮಾವರಂನಲ್ಲಿ. ಜಾತಿಯಲ್ಲಿ ಬ್ರಾಹ್ಮಣ, ಜೇಬಿನಲ್ಲಿ ಬಡವ. ಅಪ್ಪ ಕಂದಾಯ ಇಲಾಖೆಯ ಸಣ್ಣ ನೌಕರ, ಕಾಯಿಲೆ ಬಿದ್ದು ಬೇಗ ಕೆಲಸ ಬಿಟ್ಟವರು. ಹುಡುಗ ಓದಿನಲ್ಲಿ ಜಾಣನೇನೂ ಆಗಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆಬಿಟ್ಟು ಓಡಿದ. ದಾರಿಯಲ್ಲೇ ಹಿಡಿದು ವಾಪಸ್ ತಂದರು. ಮೆಟ್ರಿಕ್ ಪಾಸಾಗಲು ಮೂರು ಸಲ ಕೂರಬೇಕಾಯಿತು. ಆಮೇಲೆ ರಾಮಕೃಷ್ಣ ಮಠದ ಸನ್ಯಾಸಿ ಆಗಬೇಕೆಂದು ಹಟ ಹಿಡಿದಾಗ ತಾಯಿ ವೆಂಕಮ್ಮ ಒಪ್ಪಲಿಲ್ಲ. ಸನ್ಯಾಸ ಕೈತಪ್ಪಿದ ಮೇಲೆ ಹಿಡಿದ ದಾರಿ ಮದ್ರಾಸ್ ಮೆಡಿಕಲ್ ಕಾಲೇಜಿನದು. ಅದರ ಖರ್ಚಿಗೆ ಹೆಗಲು ಕೊಟ್ಟವರು, ಮುಂದೆ ಹೆಣ್ಣು ಕೊಡಲಿದ್ದ ಮಾವ.

ಅಸಹಕಾರ ಚಳವಳಿಯ ಕಾಲ ಅದು. ಗಾಂಧಿ ಕರೆಗೆ ಓಗೊಟ್ಟು ಸುಬ್ಬರಾವ್ ಆಪರೇಷನ್ ಥಿಯೇಟರಿಗೂ ಖಾದಿ ಗೌನ್ ತೊಟ್ಟು ಹೋದರು. ಸರ್ಜರಿಯ ಬ್ರಿಟಿಷ್ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಕಣ್ಣಿಗೆ ಅದು ಬಿತ್ತು. ಬರವಣಿಗೆಯ ಪರೀಕ್ಷೆ ಚೆನ್ನಾಗಿಯೇ ಆಗಿದ್ದರೂ ಕೈಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಬಟ್ಟೆಯ ಕಾರಣಕ್ಕೆ ಒಬ್ಬ ವಿದ್ಯಾರ್ಥಿಯ ಪದವಿ ಇಳಿಯಿತು. ತರಗತಿಯ ಬಾಗಿಲಲ್ಲಿ ಏನು ತೊಟ್ಟಿದ್ದೀಯ ಅಂತ ನೋಡುವ ಚಾಳಿ ಹೊಸದಲ್ಲ, ಆ ಕಾಲದ ಆಡಳಿತಕ್ಕಷ್ಟೇ ಸೀಮಿತವೂ ಅಲ್ಲ ಅನ್ನೋದನ್ನು ಕರ್ನಾಟಕದ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಮುಚ್ಚಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡಿದರು. ಅದಕ್ಕೂ ಮೊದಲು ಮನೆಯಲ್ಲಿ ದೊಡ್ಡ ಪೆಟ್ಟು ಬಿದ್ದಿತ್ತು. ಇಬ್ಬರು ಸೋದರರು ಒಬ್ಬರ ಹಿಂದೊಬ್ಬರು ಟ್ರಾಪಿಕಲ್ ಸ್ಪ್ರೂ ಕಾಯಿಲೆಗೆ ಬಲಿಯಾಗಿದ್ದರು. ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳದೆ, ಭೇದಿಯಾಗಿ, ರಕ್ತ ಕಟ್ಟದೆ ಮನುಷ್ಯ ಸೊರಗಿ ಹೋಗುವ ಕಾಯಿಲೆ ಅದು. ಆಗ ಅದಕ್ಕೆ ಮದ್ದಿರಲಿಲ್ಲ. ಈ ಸಾವುಗಳನ್ನು ನೆನಪಿಟ್ಟುಕೊಳ್ಳಿ, ಲ್ಯುಕೇಮಿಯಾದ ಕತೆ ಶುರುವಾಗೋದು ಇಲ್ಲಿಂದ.

1922ರ ಅಕ್ಟೋಬರ್‌ನಲ್ಲಿ ಅವರು ಬಾಸ್ಟನ್ ತಲುಪಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಓದುವುದು ಉದ್ದೇಶ. ಎಲ್‌ಎಂಎಸ್ ಇಟ್ಟುಕೊಂಡು ಅಲ್ಲಿ ವೈದ್ಯನಾಗಿ ಕೆಲಸ ಸಿಗುವಂತಿರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ, ರೋಗಿಗಳ ಬೆಡ್‌ಪ್ಯಾನ್ ತೊಳೆಯುವ ಕೆಲಸ. ಊರಲ್ಲಿ ಹೆಂಡತಿ ಶೇಷಗಿರಿ ಗರ್ಭಿಣಿ. ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಅಪ್ಪ ಮಗನ ಮುಖವನ್ನೇ ನೋಡಲಿಲ್ಲ. ಬೇಗ ಬರ್ತೀನಿ ಅಂತ ಹೋದವರು ಮತ್ತೆಂದೂ ಭಾರತಕ್ಕೆ ಬರಲಿಲ್ಲ. ಮಹಾಪುರುಷರ ಕತೆ ಹೇಳುವಾಗ ಇಂಥ ಸಾಲುಗಳನ್ನು ಬೇಗಬೇಗ ದಾಟಿಬಿಡ್ತೀವಿ. ಆ ಸಂಶೋಧನೆಯ ಬೆಲೆಯಲ್ಲಿ ಒಂದು ಪಾಲನ್ನು ಕಟ್ಟಿದವರು ಆಂಧ್ರದಲ್ಲಿ ಕಾದು ಕೂತ ಒಬ್ಬ ಹೆಣ್ಣುಮಗಳು ಅನ್ನೋದನ್ನು ದಾಟಿಹೋಗಲು ನನಗೆ ಮನಸ್ಸಿಲ್ಲ.

ಹಾರ್ವರ್ಡ್‌ನ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ 1925ರಲ್ಲಿ ಸುಬ್ಬರಾವ್ ಪ್ರಕಟಿಸಿದ್ದೇ ನಾನು ರೆಕಾರ್ಡಿನಲ್ಲಿ ಬರೆದ ವಿಧಾನ. ಅಷ್ಟರಲ್ಲೇನು ದೊಡ್ಡಸ್ತಿಕೆ ಅನ್ನಿಸಬಹುದು. ಆದರೆ ಜೀವಕೋಶದ ಒಳಗೆ ನಡೆಯುವ ವ್ಯವಹಾರದಲ್ಲಿ ಬಹುಪಾಲು ನಡೆಯೋದೇ ರಂಜಕದ ಕೊಡು-ಕೊಳ್ಳುವಿಕೆಯಿಂದ. ಅದನ್ನು ಅಳೆಯುವ ಸುಲಭ ದಾರಿ ಸಿಕ್ಕ ಕೂಡಲೇ ಕಾಣದ್ದೆಲ್ಲ ಕಾಣತೊಡಗಿತು. 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೊಕ್ರಿಯಾಟಿನ್ ಸಿಕ್ಕಿತು. 1929ರಲ್ಲಿ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಸಿಕ್ಕಿತು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಸ್ವತಂತ್ರವಾಗಿ ಎಟಿಪಿಯನ್ನು ಕಂಡುಹಿಡಿದರು.

ಲ್ಯುಕೇಮಿಯಾಗೂ ಇದಕ್ಕೂ ಏನು ಸಂಬಂಧ? ಬಿಳಿ ರಕ್ತಕಣಗಳಲ್ಲಿ ಅಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಇರುತ್ತೆ. ಬೇರೆ ಅಣುವಿಗೆ ಅಂಟಿಕೊಂಡ ಫಾಸ್ಫೇಟನ್ನು ಕತ್ತರಿಸೋದು ಅದರ ಕೆಲಸ. ಕತ್ತರಿಸಿ ಬಿದ್ದ ಫಾಸ್ಫೇಟನ್ನು ಅಳೆದರೆ ಕಿಣ್ವದ ಚುರುಕು ಗೊತ್ತಾಗುತ್ತೆ. ಇಂಥ ಕಿಣ್ವಗಳನ್ನು ಅಳೆಯಲು ದಶಕಗಳ ಕಾಲ ಪ್ರಯೋಗಾಲಯಗಳಿಗೆ ಒದಗಿದ್ದು ಆ ನೀಲಿ ಬಣ್ಣವೇ. ಜೋರು ಸೋಂಕಿದ್ದಾಗಲೂ ಬಿಳಿ ಕಣ ವಿಪರೀತ ಏರುತ್ತೆ, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದಲ್ಲೂ ಏರುತ್ತೆ. ಎರಡನ್ನೂ ಬೇರೆ ಮಾಡೋದು ಹೇಗೆ? ಸೋಂಕಿನಲ್ಲಿ ಈ ಕಿಣ್ವ ಹೆಚ್ಚಿರುತ್ತೆ, ಆ ಲ್ಯುಕೇಮಿಯಾದಲ್ಲಿ ಸಾಮಾನ್ಯವಾಗಿ ತೀರಾ ಕಡಿಮೆ. 1950ರ ದಶಕದಿಂದ ವೈದ್ಯರು ಸ್ಲೈಡಿನ ಮೇಲೆ ಬಣ್ಣ ಹಾಕಿ, ನೂರು ಕಣ ಎಣಿಸಿ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ಕೂಡಿಸುತ್ತಿದ್ದರು. ಕಣ್ಣಿಗೆ ಒಂದೇ ಥರ ಕಾಣುವ ಎರಡು ರಕ್ತಗಳು ಕಿಣ್ವದ ಲೆಕ್ಕದಲ್ಲಿ ಬೇರೆಬೇರೆ. ಮಾರ್ಕರ್ ಅಂದರೆ ಇದೇ.

ನನ್ನ ತಂಗಿಯ ರಿಪೋರ್ಟಿನ ಅಕ್ಷರಗಳೂ ಇದೇ ವಂಶದವು. ಎಂಪಿಓ, ಅಂದರೆ ಮೈಲೊಪೆರಾಕ್ಸಿಡೇಸ್, ಮೈಲಾಯ್ಡ್ ಜಾತಿಯ ಕಣಗಳಲ್ಲಿರುವ ಕಿಣ್ವ. ಅವಳಲ್ಲಿ ಅದು ಇರಲಿಲ್ಲ. ಟಿಡಿಟಿ ಇನ್ನೂ ಎಳೆಯ ಲಿಂಫ್ ಕಣಗಳಲ್ಲಿ ಕಾಣುವ ಕಿಣ್ವ. 1973ರಲ್ಲಿ ಡೇವಿಡ್ ಬಾಲ್ಟಿಮೋರ್ ಮತ್ತು ಸಂಗಡಿಗರು ಅದನ್ನು ಇಂಥದೇ ಲ್ಯುಕೇಮಿಯಾ ಇದ್ದ ಮಗುವಿನ ಕಣಗಳಲ್ಲಿ ತೋರಿಸಿದರು. ಸಿಡಿ10, ಸಿಡಿ19 ಕಣದ ಹೊರಮೈಯಲ್ಲಿ ಕೂತ ಪ್ರೋಟೀನುಗಳು. ಬಣ್ಣ ಹೊತ್ತ ಪ್ರತಿಕಾಯಗಳು ಅವಕ್ಕೆ ಅಂಟಿಕೊಳ್ಳುತ್ತವೆ, ಫ್ಲೋ ಸೈಟೊಮೀಟರ್ ಸಾವಿರಾರು ಕಣಗಳನ್ನು ಸಾಲಾಗಿ ಹಾಯಿಸಿ ಒಂದೊಂದನ್ನೂ ಓದುತ್ತೆ. ಮೈಕ್ರೋಸ್ಕೋಪಿನಲ್ಲಿ ನೀಲಿ ಉಂಡೆಯಂತೆ ಕಾಣುವ ಕಣದ ಕುಲಗೋತ್ರ ಹೀಗೆ ತಿಳಿಯುತ್ತೆ. ಕುಲ ತಿಳಿದರೆ ಮಾತ್ರ ಮದ್ದು ಯಾವುದೆಂದು ಗೊತ್ತಾಗೋದು. ಲಿಂಫಾಯ್ಡ್‌ಗೆ ಕೊಡುವ ಚಿಕಿತ್ಸೆ ಬೇರೆ, ಮೈಲಾಯ್ಡ್‌ಗೆ ಕೊಡುವುದು ಬೇರೆ. ತಪ್ಪಿದರೆ ಹೋಗೋದು ಜೀವ.

ಮತ್ತೆ ಸುಬ್ಬರಾವ್ ಬಳಿಗೆ ಹೋಗೋಣ. 1930ರಲ್ಲಿ ಪಿಎಚ್‌ಡಿ ಬಂತು. ಇಷ್ಟೆಲ್ಲ ಕೆಲಸ ಮಾಡಿದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ತನ್ನ ಹೆಸರನ್ನು ಮುಂದೆ ಮಾಡಿಕೊಳ್ಳುವ ಸ್ವಭಾವವೂ ಅವರದಲ್ಲ. ಇನ್ನು ಅಮೆರಿಕದ ಕಾನೂನು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. ಸುಬ್ಬರಾವ್ ಬಾಸ್ಟನ್ನಿಗೆ ಕಾಲಿಟ್ಟು ಆಗಿನ್ನೂ ತಿಂಗಳುಗಳಷ್ಟೇ ಕಳೆದಿದ್ದವು. 1946ರಲ್ಲಿ ಕಾನೂನು ಬದಲಾಗಿ, ವರ್ಷಕ್ಕೆ ನೂರು ಭಾರತೀಯರಿಗೆ ಪ್ರವೇಶ ಮತ್ತು ಪೌರತ್ವದ ಹಕ್ಕು ಸಿಗುವವರೆಗೆ ಅವರು ಆ ದೇಶದಲ್ಲಿ ಪರದೇಶಿಯೇ. ಬದಲಾದ ಮೇಲೂ ಅವರು ಪೌರತ್ವ ಪಡೆಯಲಿಲ್ಲ.

1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು, ಮುಂದೆ ಅಲ್ಲಿನ ಸಂಶೋಧನೆಯ ನಿರ್ದೇಶಕರಾದರು. ಅಲ್ಲಿ ಹಿಡಿದ ಮೊದಲ ದೊಡ್ಡ ಕೆಲಸ ಯಾವುದು ಗೊತ್ತಾ? ಸೋದರರನ್ನು ಕೊಂದ ಕಾಯಿಲೆಯ ಮದ್ದು. ಲೂಸಿ ವಿಲ್ಸ್ ಅನ್ನೋ ಬ್ರಿಟಿಷ್ ವೈದ್ಯೆ ಸುಮಾರು 1930ರ ಹೊತ್ತಿಗೆ ಮುಂಬೈನಲ್ಲಿ, ರಕ್ತಹೀನತೆಯಿಂದ ನರಳುತ್ತಿದ್ದ ಬಸುರಿ ಹೆಂಗಸರಿಗೆ ಈಸ್ಟಿನ ಸಾರ ಕೊಟ್ಟು ಗುಣ ಕಂಡಿದ್ದರು. ಅದರಲ್ಲಿದ್ದ ಸತ್ವ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. 1945ರ ಹೊತ್ತಿಗೆ ಸುಬ್ಬರಾವ್ ತಂಡ ಆ ಸತ್ವವನ್ನು, ಅಂದರೆ ಫೋಲಿಕ್ ಆಮ್ಲವನ್ನು, ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳು ಚೇತರಿಸಿಕೊಂಡರು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇರೋದು ಇದೇ ಫೋಲಿಕ್ ಆಮ್ಲ. ಸೋದರರು ಸತ್ತು ಎರಡು ದಶಕಕ್ಕೂ ಹೆಚ್ಚು ಕಾಲವಾಗಿತ್ತು.

ಬಾಸ್ಟನ್ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಸತ್ತ ಮಕ್ಕಳ ದೇಹ ಪರೀಕ್ಷಿಸುವ ಪೆಥಾಲಜಿಸ್ಟ್. ರಕ್ತ ಕಟ್ಟಿಸುವ ಫೋಲಿಕ್ ಆಮ್ಲ ಲ್ಯುಕೇಮಿಯಾಗೂ ಒಳ್ಳೆಯದಾಗಬಹುದು ಎಂದು ಲೆಡರ್ಲೆಯಿಂದ ಅದರ ರೂಪಗಳನ್ನು ತರಿಸಿ ಮಕ್ಕಳಿಗೆ ಕೊಟ್ಟರು. ಕಾಯಿಲೆ ಇನ್ನಷ್ಟು ಜೋರಾಗಿ ಓಡಿತು. ಆ ಮಕ್ಕಳ ಕತೆಯನ್ನು ಜಾಣತನದ ಪ್ರಯೋಗ ಅಂತಷ್ಟೇ ಹೇಳಿ ಮುಗಿಸಲು ನನಗಾಗದು. ಅಂಥದೇ ವಾರ್ಡಿನಲ್ಲಿ ನನ್ನ ತಂಗಿ ಮಲಗಿದ್ದನ್ನು ಕಂಡಿದ್ದೇನೆ. ಆದರೆ ಆ ಸೋಲಿನಲ್ಲೇ ಸುಳಿವಿತ್ತು. ಫೋಲಿಕ್ ಆಮ್ಲ ಕ್ಯಾನ್ಸರ್ ಕಣಕ್ಕೆ ಮೇವು ಎಂದಾದರೆ, ಮೇವಿನಂತೆ ಕಾಣುವ, ಆದರೆ ಮೇವಲ್ಲದ ಒಂದನ್ನು ಕೊಟ್ಟರೆ?

ಸುಬ್ಬರಾವ್ ಪ್ರಯೋಗಾಲಯ ಅಂಥ ನಕಲಿಗಳನ್ನು ತಯಾರಿಸಿತು. ಅವುಗಳಲ್ಲಿ ಒಂದು ಅಮಿನಾಪ್ಟೆರಿನ್. 1947ರ ಕೊನೆಯಲ್ಲಿ ಫಾರ್ಬರ್ ಅದನ್ನು ಕೊಡತೊಡಗಿದರು. 1948ರ ಜೂನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಕೆ ಕಂಡಿದ್ದರು. ಅದು ತಾತ್ಕಾಲಿಕ ಚೇತರಿಕೆ ನಿಜ, ಕಾಯಿಲೆ ಮತ್ತೆ ಬಂತು. ಆದರೂ ವಾರ-ತಿಂಗಳುಗಳಲ್ಲಿ ಸಾವು ಖಚಿತ ಎಂದಿದ್ದ ಕಾಯಿಲೆ ಔಷಧಿಗೆ ಬಗ್ಗಿದ್ದನ್ನು ಜಗತ್ತು ಸ್ಪಷ್ಟವಾಗಿ ಕಂಡಿತು. ಆ ಲೇಖನದ ಲೇಖಕರ ಸಾಲಿನಲ್ಲಿ ಸುಬ್ಬರಾವ್ ಹೆಸರಿಲ್ಲ. ಎರಡು ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ವಯಸ್ಸು 53. ಭಾರತ ಸ್ವತಂತ್ರವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

ಆ ನಕಲಿ ಮೇವು ಕೆಲಸ ಮಾಡಿದ್ದು ಹೇಗೆ ಅನ್ನೋದು ತಿಳಿದದ್ದು ಅವರು ಸತ್ತು ಹತ್ತು ವರ್ಷದ ಮೇಲೆ. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಅನ್ನೋ ಕಿಣ್ವ ಫೋಲೇಟನ್ನು ಬಳಕೆಗೆ ಸಿದ್ಧ ಮಾಡಿದರೆ ಮಾತ್ರ ಕಣ ಹೊಸ ಡಿಎನ್‌ಎ ಕಟ್ಟಬಲ್ಲದು. ಅಮಿನಾಪ್ಟೆರಿನ್, ಅದರ ಸೋದರ ಮೆಥೊಟ್ರೆಕ್ಸೇಟ್ ಎರಡೂ ಆ ಕಿಣ್ವದ ಬೀಗದಲ್ಲಿ ಮುರಿದ ಕೀಲಿಯಂತೆ ಸಿಕ್ಕಿಕೊಳ್ಳುತ್ತವೆ. ಜಾಣ ಕ್ಯಾನ್ಸರ್ ಕಣಗಳು ಆ ಕಿಣ್ವವನ್ನೇ ಹತ್ತಾರು ಪಟ್ಟು ತಯಾರಿಸಿ ತಪ್ಪಿಸಿಕೊಳ್ಳೋದೂ ಉಂಟು. ಅದಕ್ಕೇ ಇವತ್ತು ಒಂದೇ ಔಷಧಿ ಕೊಡೋದಿಲ್ಲ, ಹಲವನ್ನು ಸೇರಿಸಿ ಕೊಡ್ತಾರೆ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ಮಕ್ಕಳಲ್ಲಿ ಸುಮಾರು ಶೇ. 90 ಮಂದಿ ಈಗ ಗುಣವಾಗ್ತಾರೆ.

ಪ್ರತಿ ಜನವರಿ 12ಕ್ಕೆ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ಬರುತ್ತೆ. ಎಲ್ಲವನ್ನೂ ಕಂಡುಹಿಡಿದವರು ಅವರೊಬ್ಬರೇ, ಬಿಳಿಯರು ನೊಬೆಲ್ ಕದ್ದರು, ಭಾರತ ವಿಶ್ವಗುರು ಅಂತ. ನನಗೆ ಅದನ್ನು ಓದಿದಾಗ ಸಿಟ್ಟಿಗಿಂತ ಬೇಸರ ಆಗುತ್ತೆ. ಅನ್ಯಾಯ ಆಗಿದ್ದು ನಿಜ. ಆದರೆ ಈ ಕತೆಯಲ್ಲಿ ಲೂಸಿ ವಿಲ್ಸ್ ಇದ್ದಾರೆ, ಫಿಸ್ಕ್ ಇದ್ದಾರೆ, ಲೋಹ್ಮನ್ ಇದ್ದಾರೆ, ಲೆಡರ್ಲೆಯ ಹತ್ತಾರು ರಸಾಯನಶಾಸ್ತ್ರಜ್ಞರಿದ್ದಾರೆ, ಹೆಸರಿಲ್ಲದ ಮಕ್ಕಳಿದ್ದಾರೆ. ಅವರನ್ನೆಲ್ಲ ಅಳಿಸಿ ಒಬ್ಬನನ್ನೇ ಮೆರೆಸಿದರೆ ಸುಬ್ಬರಾವ್‌ಗೆ ಆಗಿದ್ದ ಅನ್ಯಾಯವನ್ನೇ ನಾವು ಇನ್ನೊಬ್ಬರಿಗೆ ಮಾಡಿದಂತೆ.

ಅವರನ್ನು ನೆನೆಯುವ ಬೇರೆ ದಾರಿಗಳಿವೆ. ಒಂದು, ಅವರ ಪ್ರಯೋಗಾಲಯದಿಂದ 1947ರಲ್ಲಿ ಬಂದ ಡೈಈಥೈಲ್‌ಕಾರ್ಬಮಜೀನ್. ಡಿಇಸಿ ಮಾತ್ರೆ ಅಂದರೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯವರಿಗೆ ಥಟ್ಟನೆ ಗೊತ್ತಾಗುತ್ತೆ. ಆನೆಕಾಲು ರೋಗ ತಡೆಯಲು ಮನೆಮನೆಗೆ ಬಂದು ನುಂಗಿಸುವ ಮಾತ್ರೆ ಅದೇ. ಇನ್ನೊಂದು, 2013ರ ಏಪ್ರಿಲ್ 1ರ ಸುಪ್ರೀಂ ಕೋರ್ಟ್ ತೀರ್ಪು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಬಿಸಿಆರ್-ಎಬಿಎಲ್ ಅನ್ನೋ ಪ್ರೋಟೀನು ಎಟಿಪಿಯಿಂದ ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನುಗಳಿಗೆ ಅಂಟಿಸಿ ಕಣವನ್ನು ಹುಚ್ಚೆಬ್ಬಿಸುತ್ತೆ. ಎಟಿಪಿ ಕೂರುವ ಜಾಗದಲ್ಲೇ ಕೂತು ಅದನ್ನು ತಡೆಯುವ ಔಷಧ ಇಮ್ಯಾಟಿನಿಬ್. ಅದರ ಹೊಸ ಹರಳು ರೂಪಕ್ಕೆ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಕೋರ್ಟು ನಿರಾಕರಿಸಿತು, ಅಗ್ಗದ ಜೆನೆರಿಕ್ ಮಾತ್ರೆ ನಮ್ಮ ರೋಗಿಗಳಿಗೆ ಉಳಿಯಿತು. 1929ರ ಎಟಿಪಿಯಿಂದ 2013ರ ತೀರ್ಪಿನವರೆಗೆ ಎಳೆ ಒಂದೇ. ವಿಜ್ಞಾನ ಎಷ್ಟು ದೊಡ್ಡದಿದ್ದರೂ ಅದು ಬಡವನ ಕೈಗೆ ಸಿಗುತ್ತೋ ಇಲ್ಲವೋ ಎಂದು ತೀರ್ಮಾನ ಮಾಡೋದು ರಾಜಕೀಯ.

ನನ್ನ ತಂಗಿ ಈಗ ಕಾಲೇಜಿಗೆ ಹೋಗ್ತಾಳೆ. ಅವಳನ್ನು ಉಳಿಸಿದ್ದು ಹಳದಿ ಮದ್ದೊಂದೇ ಅಲ್ಲ. ಅದಕ್ಕೂ ಮೊದಲು ಅವಳ ಕಣಗಳ ಕಿಣ್ವ, ಪ್ರೋಟೀನುಗಳನ್ನು ಸರಿಯಾಗಿ ಓದಿದ ಒಂದು ಪ್ರಯೋಗಾಲಯ. ಅದು ಸಿಕ್ಕಿದ್ದು ಬೆಂಗಳೂರಿನಲ್ಲಿ, ಮೂರು ವಾರ ಕಳೆದ ಮೇಲೆ, ಚಿಕ್ಕಪ್ಪ ಎರಡು ಹಸು ಮಾರಿದ ಮೇಲೆ. ಹಸು ಇಲ್ಲದವರ ಮಗುವಿಗೆ? ಮೂರು ವಾರ ಇಲ್ಲದ ಮಗುವಿಗೆ? ಸುಬ್ಬರಾವ್ ಹುಟ್ಟಿದ ನೂರನೇ ವರ್ಷಕ್ಕೆ, 1995ರಲ್ಲಿ, ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು. ಒಳ್ಳೆಯದೇ. ಆದರೆ ಅಳತೆಯಿಂದಲೇ ಎಲ್ಲವನ್ನೂ ಶುರು ಮಾಡಿದ ಆ ಮನುಷ್ಯನಿಗೆ ನಾವು ಕೊಡಬಹುದಾದ ದೊಡ್ಡ ಗೌರವ ಅಂದರೆ, ಅರಸೀಕೆರೆಯ ಮಗುವಿನ ರಕ್ತವನ್ನು ಜಿಲ್ಲಾಸ್ಪತ್ರೆಯಲ್ಲೇ, ದುಡ್ಡಿಲ್ಲದೆ, ಸಮಯಕ್ಕೆ ಸರಿಯಾಗಿ ಓದಬಲ್ಲ ಒಂದು ಲ್ಯಾಬು. ಮುಂದಿನ ಸಲ ನಿಮ್ಮೂರಿನ ಅಭ್ಯರ್ಥಿ ಓಟು ಕೇಳಲು ಬಂದಾಗ ಅದೊಂದನ್ನು ಕೇಳಿ ನೋಡಿ.